ರಾತ್ರಿ ಸಿಕ್ಸ್‌ಲೈನ್ ರಾಸ್ ಮೀನಿನ ಸುತ್ತ ಲೋಳೆಯ ಪೊರೆ: ಇದು ರೋಗವೇ?

ಮಡಿಕೇರಿಯಿಂದ, ಪ್ರಶ್ನೆ:
ನಮಸ್ಕಾರ. ಮನೆಯಲ್ಲಿ 120 ಲೀಟರಿನ ಉಪ್ಪುನೀರಿನ ತೊಟ್ಟಿ ಇಟ್ಟು ಎಂಟು ತಿಂಗಳಾಯಿತು. ಮೂರು ವಾರದ ಹಿಂದೆ ಮಂಗಳೂರಿನಿಂದ ಒಂದು ಸಿಕ್ಸ್‌ಲೈನ್ ರಾಸ್ ತಂದೆ. ಮೊನ್ನೆ ಮಳೆಗೆ ರಾತ್ರಿಯಿಡೀ ಕರೆಂಟ್ ಇರಲಿಲ್ಲ. ಬ್ಯಾಟರಿಯ ಏರ್ ಪಂಪ್ ಹಚ್ಚಲು ಟಾರ್ಚ್ ಹಿಡಿದು ಹೋದರೆ, ಮೀನು ಕಲ್ಲಿನ ಸಂದಿಯಲ್ಲಿ ಅಲುಗಾಡದೆ ಬಿದ್ದಿತ್ತು. ಮೈಸುತ್ತ ಗಾಜಿನಂಥ ಲೋಳೆ, ಅದಕ್ಕೆ ಅಂಟಿದ ಮರಳಿನ ಕಣಗಳು. ಎದೆ ಧಸಕ್ಕೆಂದಿತು. ಬೆಳಿಗ್ಗೆ ನೋಡಿದರೆ ಎಂದಿನಂತೆ ಓಡಾಡುತ್ತಿದೆ! ನೀರು 21 ಡಿಗ್ರಿಗೆ ಇಳಿದಿತ್ತು. ಚಳಿಗೆ ಹೀಗಾಯಿತೇ? ಔಷಧ ಹಾಕಬೇಕೇ? ಮೀನು ಒಂಟಿಯಾಗಿದೆ, ಇನ್ನೊಂದನ್ನು ತನ್ನಿ ಎಂದು ಮಗಳು ದಿನವೂ ಕೇಳುತ್ತಿದ್ದಾಳೆ.

ಗೋಣಿಕೊಪ್ಪದಿಂದ:
ಲೋಳೆ ಬಂದರೆ ಚರ್ಮದ ರೋಗವಿರಬಹುದು ಸರ್. ಬೇರೆ ತೊಟ್ಟಿಗೆ ಬಿಟ್ಟು ತಾಮ್ರದ ಔಷಧ ಕೊಟ್ಟು ನೋಡಿ.

ವಿರಾಜಪೇಟೆಯಿಂದ:
ದಯವಿಟ್ಟು ಔಷಧ ಹಾಕಬೇಡಿ. ಅದು ರೋಗವಲ್ಲ, ನಿದ್ದೆ. ಹನ್ನೊಂದು ವರ್ಷದ ಹಿಂದೆ ನಾನೂ ಇದೇ ಲೋಳೆಯನ್ನು ನೋಡಿ ಹೆದರಿ ತಾಮ್ರ ಹಾಕಿದ್ದೆ. ಐದನೆಯ ದಿನ ಮೀನು ಸತ್ತಿತು. ಆ ನೋವು ಇನ್ನೂ ಹೋಗಿಲ್ಲ, ಅದಕ್ಕೇ ಇಷ್ಟು ಬರೆಯುತ್ತಿದ್ದೇನೆ.

ಕತ್ತಲಾಗುತ್ತಲೇ ಈ ಮೀನು ಸಂದಿಯೊಂದನ್ನು ಹೊಕ್ಕು ತನ್ನ ಸುತ್ತ ತಾನೇ ಲೋಳೆಯ ಚೀಲ ಕಟ್ಟಿಕೊಳ್ಳುತ್ತದೆ, ಮಳೆಯಲ್ಲಿ ಗದ್ದೆಗಿಳಿಯುವವರು ಕಂಬಳಿಕೊಪ್ಪೆ ಹೊದ್ದಂತೆ. ಇದರ ಹತ್ತಿರದ ಬಂಧುವಾದ ಗಿಳಿಮೀನಿಗೂ ಈ ಅಭ್ಯಾಸವಿದೆ. ಪೊರೆ ತೆಗೆದುಹಾಕಿದ ಗಿಳಿಮೀನುಗಳಿಗೆ ರಕ್ತ ಹೀರುವ ಸಣ್ಣ ಪರಾವಲಂಬಿಗಳು ಹೆಚ್ಚು ಮುತ್ತುತ್ತವೆ ಎಂದು ಪ್ರಯೋಗದಲ್ಲಿ ಕಂಡಿದೆ. ರಾತ್ರಿ ಟಾರ್ಚ್ ಬಿಟ್ಟು ಎಬ್ಬಿಸಬೇಡಿ. ಗಾಬರಿಯಾಗಿ ಪೊರೆ ಹರಿದು ಹೊರಬಂದರೆ ಅದರ ಶ್ರಮವೆಲ್ಲ ವ್ಯರ್ಥ.

ಹಗಲಲ್ಲಿ ಅರ್ಧ ಗಂಟೆ ತೊಟ್ಟಿಯ ಮುಂದೆ ಕುಳಿತು ನೋಡಿ. ನೇರಳೆ ಮೈಮೇಲೆ ಆರು ಕಿತ್ತಳೆ ಪಟ್ಟೆಗಳು, ಹಸಿರು ಬಾಲ, ಬಾಲದ ಬುಡದಲ್ಲಿ ಮೇಲ್ಗಡೆ ಕಣ್ಣಿನಂಥ ಸಣ್ಣ ಕಪ್ಪು ಚುಕ್ಕೆ. ಎಷ್ಟು ಬೆಳೆದರೂ 10 ಸೆಂಟಿಮೀಟರ್. 1857ರಲ್ಲಿ ಬ್ಲೀಕರ್ ಎಂಬ ಡಚ್ ವೈದ್ಯ ಇದಕ್ಕೆ 'ಹೆಕ್ಸಟೇನಿಯಾ' ಎಂದು ಹೆಸರಿಟ್ಟದ್ದೂ ಈ ಆರು ಪಟ್ಟೆಗಳಿಂದಲೇ. ಕೆಂಪು ಸಮುದ್ರ ಮತ್ತು ಆಫ್ರಿಕಾದ ಪೂರ್ವ ಕರಾವಳಿಯಿಂದ ಶಾಂತಸಾಗರದ ದ್ವೀಪಗಳವರೆಗೆ, ಕವಲೊಡೆದ ಹವಳದ ಕೊಂಬೆಗಳ ನಡುವೆ ಇದರ ವಾಸ. ಬಯಲಿಗೆ ಬರುವುದು ಅಪರೂಪ. ನಮ್ಮ ಕಾಫಿ ತೋಟದ ಬೇಲಿಯಲ್ಲಿ ಟುವ್ವಿ ಹಕ್ಕಿ ಹುಳ ಹುಡುಕುತ್ತಾ ಈ ಕಡೆ ಮರೆಯಾಗಿ ಆ ಕಡೆ ಇಣುಕುವುದಿಲ್ಲವೇ, ಇದೂ ಹಾಗೆಯೇ ಸಿಗಡಿ ಜಾತಿಯ ಸಣ್ಣ ಜೀವಿಗಳನ್ನು ಹೆಕ್ಕುತ್ತಾ ಸಾಗುತ್ತದೆ. ಅಡಗಲು ಸಂದಿಗಳಿಲ್ಲದ ತೊಟ್ಟಿ ಇದಕ್ಕೆ ಶಿಕ್ಷೆ.

ಮಗಳಿಗೆ ಹೇಳಿ, ಅದಕ್ಕೆ ಒಂಟಿತನವಿಲ್ಲ. 120 ಲೀಟರಿನಲ್ಲಿ ಇನ್ನೊಂದನ್ನು ಬಿಟ್ಟರೆ ಅಟ್ಟಿಸಿಕೊಂಡು ಹೋಗಿ ಕಚ್ಚುತ್ತದೆ. ನೆಲೆಯೂರಿದ ಮೇಲೆ ಬೇರೆ ಜಾತಿಯ ಸಣ್ಣ ಹೊಸಬರನ್ನೂ ಸಹಿಸುವುದಿಲ್ಲ. ನಾನು ಈಗ ಈ ಮೀನನ್ನು ಎಲ್ಲಕ್ಕಿಂತ ಕೊನೆಗೆ ಬಿಡುತ್ತೇನೆ.

ನಿಜವಾದ ಚಿಂತೆ ಆ 21 ಡಿಗ್ರಿಯದು. ನೀರು 24ರಿಂದ 27ರ ನಡುವೆ ಇರಲಿ. ಕರೆಂಟ್ ಹೋದ ಕೂಡಲೇ ತೊಟ್ಟಿಯ ಮೂರು ಬದಿಗೆ ದಪ್ಪ ಕಂಬಳಿ ಸುತ್ತಿ. ಬಂದ ಮೇಲೆ ನಿಧಾನವಾಗಿ ಬೆಚ್ಚಗಾಗಲಿ, ಬಿಸಿನೀರು ಸುರಿಯಬೇಡಿ. ಮುಚ್ಚಳ ಇದೆಯಲ್ಲವೇ? ಬೆದರಿದರೆ ಇದು ನೀರಿನಿಂದ ಹೊರಗೆ ಹಾರುತ್ತದೆ.

ಗೋಣಿಕೊಪ್ಪದಿಂದ:
ತಿಳಿಯದೆ ಹೇಳಿದೆ, ಕ್ಷಮಿಸಿ. ತಾಮ್ರದ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳುತ್ತೇನೆ.

ಮಡಿಕೇರಿಯಿಂದ:
ತುಂಬಾ ಉಪಕಾರವಾಯಿತು ಅಣ್ಣ. ಇಂದು ಬೆಳಿಗ್ಗೆ ದೀಪ ಹಾಕುವಾಗ ಮಗಳನ್ನೂ ಕರೆದೆ. ಹರಿದ ಪೊರೆಯ ಚೂರೊಂದು ಪಂಪಿನ ಹತ್ತಿರ ತೇಲುತ್ತಿತ್ತು, ಅವಳೇ ಮೊದಲು ಕಂಡಳು. ಮುಚ್ಚಳ ಇದೆ, ಆದರೆ ಪೈಪ್ ಇಳಿಯುವ ಮೂಲೆಯಲ್ಲಿ ಎರಡು ಬೆರಳು ಹಿಡಿಯುವಷ್ಟು ತೆರವು ಉಳಿದಿದೆ. ಸಂಜೆಯೊಳಗೆ ಅಲ್ಲಿಗೆ ಸೊಳ್ಳೆಪರದೆಯ ತುಂಡು ಕಟ್ಟುತ್ತೇನೆ.