ಸಹಾಯ ಬೇಕು: ಕಬಡ್ಡಿ ಆಡುವ ಮಗಳು ರಾತ್ರಿ ಊಟ ಬಿಟ್ಟಿದ್ದಾಳೆ

ಎಲ್ಲರಿಗೂ ನಮಸ್ಕಾರ. ನಾವು ಪೆರ್ಲದವರು. ಮಗಳು ಎಂಟನೇ ಕ್ಲಾಸು, ಬದಿಯಡ್ಕದಲ್ಲಿ ಓದುತ್ತಾಳೆ, ಶಾಲೆಯ ಕಬಡ್ಡಿ ತಂಡದಲ್ಲಿ ರೈಡರ್. ಉಪಜಿಲ್ಲಾ ಪಂದ್ಯಕ್ಕೆ ತಯಾರಿ ನಡೆಯುತ್ತಿದೆ. ವಯಸ್ಸಿನ ಜತೆಗೆ ತೂಕದ ಮಿತಿಯೂ ಇದೆಯಲ್ಲ, ಇವಳು ಅದರ ಅಂಚಿನಲ್ಲಿದ್ದಾಳೆ. ದೊಡ್ಡ ಹುಡುಗಿಯರು ಹೇಳಿದರೆಂದು ರಾತ್ರಿ ಗಂಜಿಯನ್ನೂ ಮುಟ್ಟುತ್ತಿಲ್ಲ. ತೂಕ ನೋಡುವ ಹಿಂದಿನ ದಿನ ನೀರೂ ಕುಡಿಯಬಾರದಂತೆ! ಬೆಳೆಯುವ ವಯಸ್ಸು, ಈಗಷ್ಟೇ ಮುಟ್ಟು ಶುರುವಾಗಿದೆ. 30 ಸೆಕೆಂಡು ಕಬಡ್ಡಿ ಕಬಡ್ಡಿ ಎನ್ನುತ್ತಾ ಏಳು ಮಂದಿಯ ನಡುವೆ ನುಗ್ಗುವ ಮಗು ಖಾಲಿ ಹೊಟ್ಟೆಯಲ್ಲಿ ತಲೆ ತಿರುಗಿ ಬಿದ್ದರೆ? ತೂಕ ಮೀರಿದರೆ ಈ ವರ್ಷ ಬೇಡ ಎನ್ನಲು ನಾನು ತಯಾರು, ಅವಳು ತಯಾರಿಲ್ಲ. ಮಕ್ಕಳನ್ನು ಆಡಿಸಿದ ಅಪ್ಪ ಅಮ್ಮಂದಿರು ಇದನ್ನು ಹೇಗೆ ನಿಭಾಯಿಸಿದಿರಿ? ಕೋಚ್ ಹತ್ತಿರ ಹೇಗೆ ಮಾತು ತೆಗೆಯಲಿ?

ಇನ್ನೊಂದು. ನನಗೆ ಕಾಸರಗೋಡಿನ ಅಂಗಡಿಯಲ್ಲಿ ಕೆಲಸ, ಇವರು ದುಬೈಯಲ್ಲಿ. ಪ್ರಾಕ್ಟೀಸ್ ಮುಗಿಯುವಾಗ ಸಂಜೆ ಆರು, ನಾನು ಬಸ್ಸಿಳಿಯುವಾಗ ಏಳು ದಾಟುತ್ತದೆ. ಮಳೆಗಾಲದಲ್ಲಿ ಅವಳೊಬ್ಬಳೇ ಬರುವುದು ನನಗೆ ಧೈರ್ಯವಿಲ್ಲ. ಆ ಹೊತ್ತಿಗೆ ಬದಿಯಡ್ಕದಿಂದ ಪೆರ್ಲ ಕಡೆಗೆ ಮಕ್ಕಳನ್ನು ಕರೆತರುವವರಿದ್ದರೆ ದಯವಿಟ್ಟು ತಿಳಿಸಿ, ರಿಕ್ಷಾ ಬಾಡಿಗೆ ಹಂಚಿಕೊಳ್ಳೋಣ.