ಕ್ಯಾಥರ್ ಕೋಟೆಗಳ ಬೆಟ್ಟದಲ್ಲಿ ಸೈಕಲ್: ಹೋಗಿ ಬಂದವರು ಅನುಭವ ಹೇಳಿ

ಮೈಸೂರು ಪೆಡಲ್

ಎಲ್ಲರಿಗೂ ನಮಸ್ಕಾರ. ಮುಂದಿನ ಮೇ ತಿಂಗಳಲ್ಲಿ ನಾನು, ನನ್ನ ತಂಗಿ ಇಬ್ಬರೂ ದಕ್ಷಿಣ ಫ್ರಾನ್ಸಿಗೆ ಹೋಗುತ್ತಿದ್ದೇವೆ. ಕಾರ್ಕಸೋನ್‌ನಿಂದ ಹೊರಟು ಕೋರ್ಬಿಯೇರ್ ಬೆಟ್ಟಗಳಲ್ಲಿ ಎಂಟು ದಿನ ಸೈಕಲ್. ಕೇರಿಬ್ಯೂಸ್, ಪೇರ್‌ಪೆರ್ತ್ಯೂಸ್, ಪ್ಯುಲೋರಾನ್ ಈ ಮೂರು ಕ್ಯಾಥರ್ ಕೋಟೆ ನೋಡಲೇಬೇಕು (ಕ್ಯಾಥರ್ ಅಂದರೆ ಚರ್ಚ್ ಒಪ್ಪದ ಹಳೇ ಕ್ರೈಸ್ತ ಪಂಥ). ನನ್ನ ಪ್ರಶ್ನೆ ಮೂರು. ನಮ್ಮ ಸೈಕಲ್ ಒಯ್ಯುವುದಾ, ಅಲ್ಲೇ ಬಾಡಿಗೆಗೆ ತಗೊಳ್ಳುವುದಾ? 34-28 ಗೇರ್ (ಮುಂದೆ 34 ಹಲ್ಲು, ಹಿಂದೆ 28) ಸಾಕಾ? ತಂಗಿ ಚಾಮುಂಡಿ ಬೆಟ್ಟ ನಿಲ್ಲಿಸದೆ ಹತ್ತುತ್ತಾಳೆ, ಅದಕ್ಕಿಂತ ದೊಡ್ಡ ಏರು ನೋಡಿಲ್ಲ. ಉಳಿಯುವುದು ಒಂದೇ ಊರಲ್ಲೋ, ದಿನಕ್ಕೊಂದು ಊರಲ್ಲೋ? ದಯವಿಟ್ಟು ಹೇಳಿ.

ಎರಡು ಚಕ್ರ

ಮೇಡಂ, ನಾನು ನನ್ನ ಸೈಕಲ್ಲನ್ನೇ ಒಯ್ದೆ. ಪೂರ್ತಿ ಕಥೆ ಹೇಳುತ್ತೇನೆ, ಯಾಕೆಂದರೆ ನನಗೆ ಆಗ ಯಾರೂ ಹೇಳಲಿಲ್ಲ.

ರಟ್ಟಿನ ಡಬ್ಬ ಅಂಗಡಿಯಲ್ಲಿ 500 ರೂಪಾಯಿ. ಬಬಲ್ ರ್‍ಯಾಪ್, ಟೇಪ್, ಪೈಪಿಗೆ ಸುತ್ತುವ ಫೋಮ್ ಸೇರಿ 740. ವಿಮಾನದವರಿಗೆ ಹೋಗುವಾಗ 7,800, ಬರುವಾಗ 9,100. ಒಂದೇ ಡಬ್ಬ, ಒಂದೇ ತೂಕ, ದರ ಬೇರೆ. ಯಾಕೆ ಅಂತ ಕೇಳಿದರೆ ಕೌಂಟರಿನಲ್ಲಿ ಉತ್ತರ ಇಲ್ಲ. ಅಲ್ಲಿ ಇಳಿದ ಮೇಲೆ ಡಬ್ಬ ಸಣ್ಣ ಕಾರಿನಲ್ಲಿ ಹಿಡಿಸಲಿಲ್ಲ. ದೊಡ್ಡ ಗಾಡಿ ಕರೆಸಿದೆ, 62 ಯೂರೋ. ರೂಮಿನಲ್ಲಿ ಬಿಚ್ಚಿ ನೋಡಿದರೆ ಗೇರ್ ಬದಲಿಸುವ ಹಿಂದಿನ ಡಿರೇಲರ್ ಒಳಕ್ಕೆ ಬಾಗಿತ್ತು. ನೇರ ಮಾಡಲು ಹೋದಾಗ ಹ್ಯಾಂಗರ್ ತುಂಡಾಯಿತು.

ಹ್ಯಾಂಗರ್ ಅಂದರೆ ಡಿರೇಲರನ್ನು ಫ್ರೇಮಿಗೆ ಹಿಡಿಸುವ, ಅಂಗೈಗಿಂತ ಚಿಕ್ಕ ಅಲ್ಯೂಮಿನಿಯಂ ತುಂಡು. ಆದರೆ ಒಂದು ಫ್ರೇಮಿನದು ಇನ್ನೊಂದಕ್ಕೆ ಕೂರುವುದಿಲ್ಲ. ಮೊದಲ ದಿನ ಭಾನುವಾರ, ಎಲ್ಲ ಬಂದ್. ಸೋಮವಾರ ಆ ಅಂಗಡಿಗೆ ರಜೆ. ಮಂಗಳವಾರ ಬಾಗಿಲು ತೆಗೆದರು, ಸ್ಟಾಕ್ ಇಲ್ಲ. ತರಿಸಿದ್ದು ಗುರುವಾರ. ತುಂಡಿಗೆ 34, ಕೂಲಿ 30, ಒಟ್ಟು 64 ಯೂರೋ. ಒಂಬತ್ತು ದಿನದ ಪ್ರವಾಸದಲ್ಲಿ ನಾಲ್ಕು ದಿನ ಕಾರ್ಕಸೋನ್‌ನ ಕೋಟೆ ಗೋಡೆ ಸುತ್ತಿದೆ. 52 ಗೋಪುರ, ಎರಡು ಸುತ್ತು ಗೋಡೆ, ಎಲ್ಲ ಚೆನ್ನಾಗಿದೆ. ಆದರೆ ನಾನು ಹೋಗಿದ್ದು ನಡೆಯಲಿಕ್ಕಲ್ಲ.

ಇಷ್ಟೆಲ್ಲ ಆದ ಮೇಲೂ ಹೇಳುತ್ತೇನೆ, ಸ್ವಂತ ಸೈಕಲ್ಲೇ ಸರಿ. ಐದನೇ ದಿನ ಗ್ರೋ ದ ಮೋರಿ ಕಣಿವೆದಾರಿ ಹತ್ತಿ ಆ ಕಡೆ ಇಳಿದೆ. ಬಲಕ್ಕೆ ಬಂಡೆಯ ತುದಿಯಲ್ಲಿ ಕೇರಿಬ್ಯೂಸ್ ಬೆರಳೆತ್ತಿದ ಹಾಗೆ ನಿಂತಿತ್ತು. ಆಗ ಕೈಯಲ್ಲಿದ್ದದ್ದು ಆರು ವರ್ಷ ನಾನೇ ತೊಳೆದು ಎಣ್ಣೆ ಹಾಕಿದ ಸೈಕಲ್. ಆ ಖುಷಿ ಬಾಡಿಗೆ ಸೈಕಲ್ಲಿನಲ್ಲಿ ಸಿಗುವುದಿಲ್ಲ.

ಇನ್ನೊಂದು. ಹೊರಡುವಾಗ ಬೆಂಗಳೂರು ಏರ್‌ಪೋರ್ಟಿನ ಕಸ್ಟಮ್ಸ್‌ನಲ್ಲಿ ಎಕ್ಸ್‌ಪೋರ್ಟ್ ಸರ್ಟಿಫಿಕೇಟ್ ಮಾಡಿಸಿ. ಫ್ರೇಮ್ ನಂಬರ್ ಬರೆಸಿ. ವಾಪಸ್ ಬರುವಾಗ ನನ್ನನ್ನು ನಿಲ್ಲಿಸಿದರು. ಆ ಕಾಗದ ಇದ್ದದ್ದರಿಂದ ಐದು ನಿಮಿಷದಲ್ಲಿ ಬಿಟ್ಟರು.

ಬೆಳಗಿನ ಸವಾರಿ

ನಾಲ್ಕು ದಿನ ಹಾಳಾದ ಮೇಲೂ ಸ್ವಂತ ಸೈಕಲ್ಲೇ ಸರಿ ಅನ್ನುವುದು ನನಗೆ ಅರ್ಥ ಆಗುವುದಿಲ್ಲ ಸರ್. ಕ್ಷಮಿಸಿ, ಆದರೆ ಹೊಸಬರಿಗೆ ಇದು ತಪ್ಪು ಸಲಹೆ.

ನಾನು, ನನ್ನ ಹೆಂಡತಿ ಬಾಡಿಗೆಗೆ ತಗೊಂಡೆವು. ದಿನಕ್ಕೆ 45 ಯೂರೋ, ಆರು ದಿನಕ್ಕಿಂತ ಜಾಸ್ತಿ ಆದರೆ 38. ಕಾರ್ಬನ್ ಫ್ರೇಮ್, ಡಿಸ್ಕ್ ಬ್ರೇಕ್, 34-34 ಗೇರ್. ಏಳು ದಿನಕ್ಕೆ ಒಬ್ಬರಿಗೆ 266. ಪೆಡಲ್, ಸೀಟು, ಹೆಲ್ಮೆಟ್ ಮಾತ್ರ ಇಲ್ಲಿಂದ ಒಯ್ದೆವು, ಎಲ್ಲ ಬಟ್ಟೆ ಚೀಲದಲ್ಲೇ ಹಿಡಿಸಿತು. ಸೀಟು ಒಯ್ಯುವುದನ್ನು ಮರೆಯಬೇಡಿ. ಎರಡನೇ ದಿನಕ್ಕೆ ಗೊತ್ತಾಗುತ್ತದೆ.

ತೊಂದರೆ ಆಗಲಿಲ್ಲ ಅಂತಲ್ಲ. ಕಾರ್ಡಿನಲ್ಲಿ ಒಂದು ಸೈಕಲ್ಲಿಗೆ 1,500 ಯೂರೋ ಹಿಡಿದಿಟ್ಟರು. ಎರಡಕ್ಕೆ 3,000. ನನ್ನ ಕಾರ್ಡಿನ ಮಿತಿ ಅಲ್ಲಿಗೇ ಮುಗಿಯಿತು. ಆವತ್ತು ರಾತ್ರಿ ಹೋಟೆಲಿನಲ್ಲಿ ಕಾರ್ಡ್ ನಡೆಯಲಿಲ್ಲ. ಹೆಂಡತಿಯ ಕಾರ್ಡ್ ಇಲ್ಲದಿದ್ದರೆ ಏನು ಗತಿ? ಹಿಡಿದಿಟ್ಟ ದುಡ್ಡು ಬಿಡಲು 11 ದಿನ ತಗೊಂಡರು. ಹ್ಯಾಂಡಲಿಗೆ ಸುತ್ತಿದ ಟೇಪ್ ಹರಿದಿದೆ ಅಂತ 40 ಯೂರೋ ಮುರಿದರು. ಆ ಟೇಪ್ ಮೊದಲೇ ಹರಿದಿತ್ತು. ನಾನು ಫೋಟೋ ತೆಗೆದಿರಲಿಲ್ಲ. ಇವತ್ತಿಗೂ ಆ 40 ಯೂರೋ ನೆನೆದರೆ ಸಿಟ್ಟು ಬರುತ್ತದೆ.

ಮತ್ತೆ ಬ್ರೇಕು. ನನ್ನ ಸೈಕಲ್ಲಿನಲ್ಲಿ ಬಲಗೈ ಬ್ರೇಕ್ ಮುಂದಿನ ಚಕ್ರಕ್ಕೆ. ಅಲ್ಲಿ ಎಡಗೈ ಮುಂದಿನದು. ಪೇರ್‌ಪೆರ್ತ್ಯೂಸ್‌ನಿಂದ ಇಳಿಯುವಾಗ ತಿರುವಿನಲ್ಲಿ ಜಲ್ಲಿ ಕಂಡಿತು. ಹಿಂದಿನದು ಅಂತ ಎಡಗೈ ಒತ್ತಿದೆ. ಮುಂದಿನ ಚಕ್ರ ಜಾರಿ ಬಿದ್ದೆ. ಮೊಣಕೈ, ಸೊಂಟ ಎರಡೂ ಕಿತ್ತುಹೋಯಿತು. ಮೊದಲ ದಿನ ಖಾಲಿ ಜಾಗದಲ್ಲಿ ಅರ್ಧ ಗಂಟೆ ಬ್ರೇಕ್ ಹಿಡಿದು ಹಿಡಿದು ಅಭ್ಯಾಸ ಮಾಡಿ. ಸುಮ್ನೆ ಹೇಳುತ್ತಿಲ್ಲ.

ಎರಡು ಚಕ್ರ

ಅಂದರೆ ಬಾಡಿಗೆ ಸೈಕಲ್ಲಿನಿಂದ ನೀವು ಬಿದ್ದಿರಿ, ನನ್ನ ಸೈಕಲ್ಲಿನಿಂದ ನಾನು ಬೀಳಲಿಲ್ಲ. ತಪ್ಪು ಸಲಹೆ ಯಾರದು?

ಬೆಳಗಿನ ಸವಾರಿ

ನಾನು ಏಳು ದಿನದಲ್ಲಿ ಏಳು ದಿನವೂ ಸೈಕಲ್ ತುಳಿದೆ. ನೀವು ಐದು. ಲೆಕ್ಕ ನೀವೇ ಮಾಡಿ.

ಟುಲೂಸ್ ಕನ್ನಡಿಗ

ಇಬ್ಬರೂ ಸ್ವಲ್ಪ ನಿಲ್ಲಿ. ನಾನು ಇಲ್ಲಿ ಒಂಬತ್ತು ವರ್ಷದಿಂದ ಇದ್ದೇನೆ. ಗಾಳಿ ಬಗ್ಗೆ ಯಾಕೆ ಯಾರೂ ಮಾತಾಡುತ್ತಿಲ್ಲ?

ಇಲ್ಲಿ ವಾಯವ್ಯದಿಂದ ಬೀಸುವ ಗಾಳಿಗೆ ತ್ರಾಮೊಂತಾನ್ ಅನ್ನುತ್ತಾರೆ. ಓಡ್ ಜಿಲ್ಲೆಯ ಹಳಬರ ಬಾಯಲ್ಲಿ ಅದು ಸೆರ್ಸ್. ಬೀಸಲು ಶುರುವಾದರೆ ಒಂದು ದಿನಕ್ಕೆ ನಿಲ್ಲುವುದಿಲ್ಲ. ನನ್ನ ಮೊದಲ ವರ್ಷ ಕೇರಿಬ್ಯೂಸ್ ಏರಿನ ಕೊನೆಯ ಒಂದು ಕಿ.ಮೀ. ಸೈಕಲ್ ತಳ್ಳಿಕೊಂಡು ಹೋದೆ. ತುಳಿಯುವ ಶಕ್ತಿ ಇತ್ತು, ನಿಲ್ಲಲು ಆಗುತ್ತಿರಲಿಲ್ಲ. ಎತ್ತರದ ರಿಮ್ ಹಾಕಿದ್ದೆ, 50 ಮಿಮೀ. ಅದು ಹಾಯಿ ಇದ್ದ ಹಾಗೆ. ಎಂಟುನೂರು ಯೂರೋ ಕೊಟ್ಟು ತಗೊಂಡ ಚಕ್ರ ಆ ವಾರವೇ ಮಾರಿದೆ, 430ಕ್ಕೆ. ಮೇಲೆ ಹೋದರೆ ಗಾಳಿ ಜೋರು ಅಂತ ಕೋಟೆಯೇ ಬಂದ್. ಮಳೆ ಗುಡುಗಿಗೂ ಬಂದ್ ಮಾಡುತ್ತಾರೆ. ಹೊರಡುವ ಮೊದಲು ಫೋನ್ ಮಾಡಿ ಕೇಳಿ.

ಬೇಸಿಗೆಯಲ್ಲಿ ಬರಬೇಡಿ. 2025ರ ಆಗಸ್ಟಿನಲ್ಲಿ ಇದೇ ಕೋರ್ಬಿಯೇರ್‌ನಲ್ಲಿ ರಿಬೋತ್ ಊರಿನ ಹತ್ತಿರ ಬೆಂಕಿ ಬಿತ್ತು. ಸುಮಾರು 16 ಸಾವಿರ ಹೆಕ್ಟೇರ್ ಸುಟ್ಟಿತು. ನಾನು ತುಳಿಯುತ್ತಿದ್ದ ರಸ್ತೆಗಳ ಎರಡೂ ಕಡೆ ಈಗ ಕರಿ ಕಡ್ಡಿ. ಅಲ್ಲಿಯ ದ್ರಾಕ್ಷಿ ರೈತರ ಜೊತೆ ಮಾತಾಡಿದೆ. ದ್ರಾಕ್ಷಿ ತೋಟ ಇದ್ದ ಕಡೆ ಬೆಂಕಿ ನಿಧಾನ ಆಯಿತಂತೆ. ತೋಟ ಕಿತ್ತು ಬಯಲು ಬಿಟ್ಟ ಕಡೆ ಓಡಿತಂತೆ. ಹೇಳುವಾಗ ಅವರ ಗಂಟಲು ಕಟ್ಟಿತ್ತು.

ಕೊನೆಯದಾಗಿ, ದಯವಿಟ್ಟು ಇವನ್ನು ಕ್ಯಾಥರ್ ಕೋಟೆ ಅನ್ನಬೇಡಿ. ಅದು ಪ್ರವಾಸೋದ್ಯಮದವರು ಅಂಟಿಸಿದ ಹೆಸರು. ಇವತ್ತು ಕಣ್ಣಿಗೆ ಕಾಣುವ ಗೋಡೆಗಳಲ್ಲಿ ಹೆಚ್ಚಿನವು ಫ್ರಾನ್ಸಿನ ರಾಜರು ಆಮೇಲೆ ಕಟ್ಟಿಸಿದ್ದು. ಆಚೆ ಅರಗಾನ್ ರಾಜ್ಯ, ಈಚೆ ಫ್ರಾನ್ಸ್. ಗಡಿ ಕಾವಲಿನ ಕೋಟೆ ಇವು. ಸ್ಪೇನ್ ಜೊತೆಗಿನ 1659ರ ಒಪ್ಪಂದದಲ್ಲಿ ಗಡಿ ದಕ್ಷಿಣಕ್ಕೆ ಸರಿದ ಮೇಲೆ ಕೆಲಸ ಇಲ್ಲದೆ ಪಾಳು ಬಿದ್ದವು.

ದುರ್ಗದವನು

ಇದನ್ನು ಒಪ್ಪುವುದಿಲ್ಲ. ಚರ್ಚ್ ವಿರುದ್ಧ ನಂಬಿಕೆ ಇಟ್ಟುಕೊಂಡರು ಅಂತ ಕ್ಯಾಥರರನ್ನು ಬೇಟೆ ಆಡಿದಾಗ ಅವರು ಓಡಿ ಬಂದದ್ದು ಎಲ್ಲಿಗೆ? ಇದೇ ಬೆಟ್ಟಗಳಿಗೆ. 1244ರಲ್ಲಿ ಅವರ ಮೋಂಸೇಗ್ಯೂರ್ ಕೋಟೆ ಬಿದ್ದಾಗ ಇನ್ನೂರಕ್ಕೂ ಹೆಚ್ಚು ಜನರನ್ನು ಜೀವಂತ ಸುಟ್ಟರು. ಕೇರಿಬ್ಯೂಸ್ 1255ರವರೆಗೆ ಅವರ ಆಸರೆ. ಕೋಟೆಯ ಹೆಸರು ಅಲ್ಲಿ ಸತ್ತವರಿಗೆ ಸೇರಬೇಕಾ, ಆಮೇಲೆ ಕಲ್ಲು ಜೋಡಿಸಿದವರಿಗಾ? ನಾನು ಚಿತ್ರದುರ್ಗದವನು. ಕೋಟೆ ಅಂದರೆ ಬರೀ ಗೋಡೆ ಅಲ್ಲ ಅಂತ ಚಿಕ್ಕಂದಿನಿಂದ ಗೊತ್ತು.

ಟುಲೂಸ್ ಕನ್ನಡಿಗ

ಮೋಂಸೇಗ್ಯೂರ್‌ನಲ್ಲಿ ಇವತ್ತು ನಿಂತಿರುವ ಗೋಡೆ ಆ 1244ರದ್ದಲ್ಲ ಸ್ವಾಮಿ. ಅದು ಬಿದ್ದ ಮೇಲೆ ಕಟ್ಟಿದ್ದು. ಸತ್ತವರ ಮೇಲೆ ನನಗೂ ಗೌರವ ಇದೆ. ಅದಕ್ಕೇ ಕ್ಯಾಥರ್ ಕೋಟೆ ಅಂತ ಬರೆದ ಸುಳ್ಳು ಹಲಗೆ ನೋಡಿದರೆ ನೋವಾಗುತ್ತದೆ.

ದುರ್ಗದವನು

ಹಲಗೆ ಹಾಕಿದ್ದಕ್ಕೇ ನನ್ನಂಥವರು ಅವರ ಕಥೆ ಓದಿದ್ದು. ಪೇರ್‌ಪೆರ್ತ್ಯೂಸ್‌ನಲ್ಲಿ ರಾಜ ಒಂಬತ್ತನೇ ಲೂಯಿ ಕೆತ್ತಿಸಿದ ಮೆಟ್ಟಿಲು ನಾನೂ ಹತ್ತಿದ್ದೇನೆ. ಅದು ರಾಜನದು ಅಂತ ಒಪ್ಪುತ್ತೇನೆ. ಆದರೆ ಆ ಮೆಟ್ಟಿಲಿನ ಮೇಲೆ ನಿಂತಾಗ ನನಗೆ ರಾಜ ನೆನಪಾಗಲಿಲ್ಲ.

ಮೆಟ್ಟಿಲು ಅಂದ ಮೇಲೆ ಒಂದು ಹೇಳಲೇಬೇಕು. ರೋಡ್ ಶೂ ಹಾಕಿಕೊಂಡು ಹೋಗಬೇಡಿ. ಸುಣ್ಣಕಲ್ಲು, ಸಾವಿರಾರು ಕಾಲು ತುಳಿದು ನುಣುಪಾಗಿದೆ. ಪೆಡಲಿಗೆ ಸಿಕ್ಕಿಸಲು ಶೂ ಅಡಿಯಲ್ಲಿರುವ ಪ್ಲಾಸ್ಟಿಕ್ ಕ್ಲೀಟ್ ಅದರ ಮೇಲೆ ಜಾರುತ್ತದೆ. ನಾನು ಶೂ ಬಿಚ್ಚಿ ಸಾಕ್ಸಿನಲ್ಲೇ ಮೇಲೆ ಹೋದೆ. ಪಾದ ಎರಡೂ ಗೀರಿತು. 160 ಯೂರೋ ಶೂ, ಕ್ಲೀಟ್ ಸವೆದು ಹೊಸದು ಹಾಕಿಸಿದ್ದು 22. ಈಗ ಮೌಂಟನ್ ಬೈಕ್ ಶೂ, ಕಬ್ಬಿಣದ ಚಿಕ್ಕ ಕ್ಲೀಟ್. ಯಾವ ಕೋಟೆಗೂ ಹೆದರಿಕೆ ಇಲ್ಲ.

ಹಳೇ ಸ್ಟೀಲ್ ಫ್ರೇಮ್

ನನ್ನ ಮಾತು ಕೇಳಿದರೆ ಫ್ರಾನ್ಸ್ ಬಿಟ್ಟು ಇಟಲಿಯ ಟಸ್ಕನಿಗೆ ಹೋಗಿ. ಗಾಯೋಲೆ ಊರಿಂದ ಹೊರಡುವ ಎರೋಯಿಕಾ ಅನ್ನುವ ಹಳೇ ಸೈಕಲ್ ಸವಾರಿಯ ದಾರಿ 209 ಕಿ.ಮೀ. ಫಲಕ ಹಾಕಿದ್ದಾರೆ, ವರ್ಷವಿಡೀ ತುಳಿಯಬಹುದು. ಬಿಳಿ ಮಣ್ಣಿನ ರಸ್ತೆ, ಸೈಪ್ರೆಸ್ ಮರದ ಸಾಲು, ಮೇಲೆ ಬ್ರೋಲಿಯೊ ಕೋಟೆ. 1997ರಲ್ಲಿ 92 ಜನರಿಂದ ಶುರುವಾದ ಸವಾರಿ ಅದು. ಅಕ್ಟೋಬರ್ ಸವಾರಿಗೆ 1987ಕ್ಕೆ ಮುಂಚಿನ ಸೈಕಲ್ ಬೇಕು. ಗೇರ್ ಲಿವರ್ ಫ್ರೇಮಿನ ಮೇಲೆ, ಪೆಡಲಿಗೆ ಪಟ್ಟಿ, ಬ್ರೇಕ್ ಕೇಬಲ್ ಹೊರಗೆ. ಅದಕ್ಕಾಗಿಯೇ ನಾನು ಹಳೇ ಸೈಕಲ್ ಹುಡುಕಿ, ಬಣ್ಣ ಬಳಿಸಿ, ಹಬ್ ಬಿಚ್ಚಿ ಗ್ರೀಸ್ ಹಾಕಿ ಎರಡು ವರ್ಷ ಕಳೆದೆ. ಒಟ್ಟು 71,000 ರೂಪಾಯಿ. ನಾಲ್ಕು ಸಲ ಪಂಕ್ಚರ್. ಒಂದು ಏರು ಸಹ ಕೂತು ಹತ್ತಲು ಆಗಲಿಲ್ಲ, 42-26 ಗೇರ್. ಗುರಿ ಮುಟ್ಟಿದಾಗ ಅತ್ತುಬಿಟ್ಟೆ.

ಬೆಳಗಿನ ಸವಾರಿ

ಅವರು ಟಸ್ಕನಿ ಕೇಳಲಿಲ್ಲ ಸರ್.

ಹಳೇ ಸ್ಟೀಲ್ ಫ್ರೇಮ್

ಅವರು ನಿಮ್ಮ 40 ಯೂರೋ ಟೇಪನ್ನೂ ಕೇಳಲಿಲ್ಲ. ಬೆಟ್ಟ, ಕೋಟೆ, ಸೈಕಲ್ ಅಂದರು. ನಾನು ಅದನ್ನೇ ಹೇಳಿದೆ.

ಮೈಸೂರು ಪೆಡಲ್

ಎಲ್ಲರಿಗೂ ಧನ್ಯವಾದ. ಗಾಳಿ, ಶೂ, ಕಸ್ಟಮ್ಸ್ ಕಾಗದ ಎಲ್ಲ ಬರೆದಿಟ್ಟುಕೊಂಡೆ. ವೀಸಾಕ್ಕೆ ತಲೆಗೆ 90 ಯೂರೋ ಈಗಾಗಲೇ ಕಟ್ಟಿದ್ದೇವೆ, ಹಾಗಾಗಿ ದೇಶ ಬದಲಾಯಿಸಲ್ಲ. ನನ್ನ ಗೇರ್ ಪ್ರಶ್ನೆಗೆ ಯಾರೂ ಉತ್ತರ ಕೊಟ್ಟಿಲ್ಲ. ತಂಗಿಗೆ ಅದೇ ಚಿಂತೆ. ಇಬ್ಬರೂ ಸಸ್ಯಾಹಾರಿಗಳು ಅನ್ನುವುದನ್ನೂ ಮೊದಲೇ ಹೇಳಬೇಕಿತ್ತು.

ಟುಲೂಸ್ ಕನ್ನಡಿಗ

ಕ್ಷಮಿಸಿ ಮೇಡಂ. 28 ಸಾಲದು. ದುಯಿಲಾಕ್‌ನಿಂದ ಪೇರ್‌ಪೆರ್ತ್ಯೂಸ್ ಬಾಗಿಲವರೆಗೆ ಮೂರೂವರೆ ಕಿ.ಮೀ. ಮಾತ್ರ, ಆದರೆ ಕಡಿದಾದ ಏರು, ನೆರಳಿಲ್ಲ. ಚಾಮುಂಡಿ ಹತ್ತುವವರು ಖಂಡಿತ ಹತ್ತುತ್ತಾರೆ, ಗೇರ್ ಇದ್ದರೆ. ಕನಿಷ್ಠ 32 ಹಾಕಿಸಿ. ಮೊದಲು ಹಿಂದಿನ ಡಿರೇಲರ್ ಚಿಕ್ಕ ಕೇಜಿನದಾ (ಕೇಜ್ ಅಂದರೆ ಚೈನ್ ಹಿಡಿಯುವ ತೋಳು) ನೋಡಿ. ಹೌದು ಅಂತಾದರೆ ಅದನ್ನೂ ಬದಲಾಯಿಸಬೇಕಾಗುತ್ತದೆ, ಚೈನೂ ಉದ್ದ ಬೇಕು. ಉಳಿಯಲು ಕುಕುನ್ಯಾನ್ ಊರೊಂದೇ ಸಾಕು, ಎರಡು ಕೋಟೆ ಅಲ್ಲಿಂದ ಕೂಗಳತೆಯಲ್ಲಿವೆ. ಊರ ಮೇಲೆ ಗಾಳಿಗಿರಣಿ ಇದೆ, ಅಲ್ಲೇ ಬೀಸಿದ ಹಿಟ್ಟಿನ ಬ್ರೆಡ್ ಸಿಗುತ್ತದೆ. ಪ್ಯುಲೋರಾನ್ ಮಾತ್ರ ದೂರ, ಅದಕ್ಕೆ ಒಂದು ಪೂರ್ತಿ ದಿನ ಇಡಿ. ಹೋಗುವಾಗ ಗಲಮ್ಯೂಸ್ ಕಂದರದ ದಾರಿ ಹಿಡಿಯಿರಿ. ಬಂಡೆ ಕೊರೆದು ಮಾಡಿದ ರಸ್ತೆ, ಸೈಕಲ್ಲಿಗೆ ಅದಕ್ಕಿಂತ ಚೆಂದದ್ದು ಇಲ್ಲಿಲ್ಲ.

ಊಟ ಕಷ್ಟ. ಕಸೂಲೆ ಅಂತ ಹುರುಳಿಕಾಯಿ ಬೀಜದ ಅಡುಗೆ ಎಲ್ಲ ಕಡೆ ಕಾಣುತ್ತದೆ. ಅದರಲ್ಲಿ ಬಾತುಕೋಳಿ, ಹಂದಿ ಎರಡೂ ಇರುತ್ತದೆ. ಮಧ್ಯಾಹ್ನ ಎರಡರ ಮೇಲೆ ಅಡುಗೆಮನೆ ಮುಚ್ಚುತ್ತಾರೆ. ಅವಲಕ್ಕಿ, ಚಟ್ನಿಪುಡಿ ಒಯ್ಯಿರಿ.

ದುರ್ಗದವನು

ಕೂಗಳತೆ ಅಂದದ್ದು ಯಾವ ಕೋಟೆಗಳು ಸರ್? ಕ್ಯಾಥರ್ ಕೋಟೆಗಳಾ?

ಟುಲೂಸ್ ಕನ್ನಡಿಗ

ಗಡಿ ಕೋಟೆಗಳು.

ಎರಡು ಚಕ್ರ

ಮೇಡಂ, ನಿಮ್ಮ ಇಬ್ಬರ ಫ್ರೇಮ್ ಯಾವ ಮಾಡೆಲ್, ಯಾವ ವರ್ಷದ್ದು ಅಂತ ಇಲ್ಲಿ ಬರೆಯಿರಿ. ವಾಪಸ್ ಬಂದ ಮೇಲೆ ಸಿಟ್ಟಿಗೆ ನಾಲ್ಕು ಹ್ಯಾಂಗರ್ ತರಿಸಿ ಇಟ್ಟುಕೊಂಡಿದ್ದೇನೆ. ಹೊಂದುವುದಾದರೆ ಎರಡು ಮೈಸೂರಿಗೆ ಕಳಿಸುತ್ತೇನೆ, ದುಡ್ಡು ಬೇಡ. ಡಬ್ಬಕ್ಕೆ ಹಾಕುವಾಗ ಡಿರೇಲರ್ ಬಿಚ್ಚಿ, ಬಟ್ಟೆಯಲ್ಲಿ ಸುತ್ತಿ, ಫ್ರೇಮಿನ ಒಳಮೂಲೆಗೆ ಕಟ್ಟಿ. ನಾನು ಅದನ್ನು ಮಾಡಲಿಲ್ಲ.