ಸರ ಕಿತ್ತಾಗ ನಾನು ಕೂಗಲೇ ಇಲ್ಲ, ಯಾಕೆ?

ಪ್ರಶ್ನೆ (ವಿಜಯನಗರದ ಸದಸ್ಯೆ): ಹೋದ ವಾರ ಬೆಳಿಗ್ಗೆ ಬಾಗಿಲ ಮುಂದೆ ರಂಗೋಲಿ ಹಾಕುತ್ತಿದ್ದೆ. ಬೈಕಿನಲ್ಲಿ ಬಂದ ಇಬ್ಬರು ಮಾಂಗಲ್ಯದ ಸರ ಕಿತ್ತುಕೊಂಡು ಹೋದರು. ನಾನು ಕೂಗಲಿಲ್ಲ, ಓಡಲಿಲ್ಲ, ಗಾಡಿ ನಂಬರ್ ಕೂಡ ನೋಡಲಿಲ್ಲ. ಸುಮ್ನೆ ನಿಂತುಬಿಟ್ಟೆ. 'ಒಂದು ಸಲ ಕಿರುಚಿದ್ದರೆ ಅಕ್ಕಪಕ್ಕದವರು ಬರುತ್ತಿದ್ದರು' ಅಂತ ಮನೆಯವರು ಹೇಳುತ್ತಲೇ ಇದ್ದಾರೆ. ನಾನು ಅಷ್ಟು ಹೇಡಿಯೇ?

ಉತ್ತರ (ಕ್ಲಿನಿಕಲ್ ಸೈಕಾಲಜಿಸ್ಟ್): ಖಂಡಿತ ಅಲ್ಲ. ಆ ಗಳಿಗೆಯಲ್ಲಿ ಏನು ಮಾಡಬೇಕೆಂದು ನಿಮ್ಮನ್ನು ಯಾರೂ ಕೇಳಲಿಲ್ಲ. ನಿಮ್ಮ ಮಿದುಳೂ ಕೇಳಲಿಲ್ಲ.

ಅಪಾಯ ಬಂದರೆ ಹೊಡೆದಾಡುತ್ತೇವೆ, ಇಲ್ಲವೇ ಓಡುತ್ತೇವೆ. ಅಮೆರಿಕದ ಶರೀರಶಾಸ್ತ್ರಜ್ಞ ವಾಲ್ಟರ್ ಕ್ಯಾನನ್ 1915ರಲ್ಲೇ ಇದನ್ನು ವಿವರಿಸಿದ್ದರು. ಜನರ ತಲೆಯಲ್ಲಿ ಈ ಎರಡೇ ಉಳಿದಿವೆ. ಆದರೆ ಮರಗಟ್ಟಿ ನಿಲ್ಲುವುದೂ ಅಷ್ಟೇ ಹಳೆಯ, ಅಷ್ಟೇ ಸಹಜವಾದ ಪ್ರತಿಕ್ರಿಯೆ. ಮಿದುಳಿನ ಆಳದಲ್ಲಿರುವ ಅಮಿಗ್ಡಲಾ ಅಪಾಯವನ್ನು ಗುರುತಿಸಿ ಕೆಳಗಿನ ಮಿದುಳುಕಾಂಡಕ್ಕೆ ಸೂಚನೆ ಕಳಿಸುತ್ತದೆ. 'ಏನಾಗುತ್ತಿದೆ' ಎಂದು ನಾವು ಯೋಚಿಸುವ ಹೊತ್ತಿಗೆ ದೇಹ ತನ್ನ ಕೆಲಸ ಶುರು ಮಾಡಿರುತ್ತದೆ. ಸ್ನಾಯು ಬಿಗಿಯಾಗುತ್ತವೆ, ಎದೆಬಡಿತ ಸ್ವಲ್ಪ ಹೊತ್ತು ನಿಧಾನವಾಗುತ್ತದೆ, ದನಿ ಹೊರಡುವುದಿಲ್ಲ. ಅಲುಗಾಡದ ಜಿಂಕೆ ಹುಲಿಯ ಕಣ್ಣಿಗೆ ಸುಲಭವಾಗಿ ಬೀಳುವುದಿಲ್ಲ, ಅಲ್ವಾ? ನಮಗೂ ಆ ಬಳುವಳಿ ಬಂದಿದೆ.

ನಂಬರ್ ನೋಡದಿದ್ದದ್ದೂ ಹಾಗೇ. ಭಯದಲ್ಲಿ ಗಮನ ಒಂದೇ ಕಡೆಗೆ ಕುಗ್ಗುತ್ತದೆ. ಕುತ್ತಿಗೆಗೆ ಬಂದ ಕೈ ಬಿಟ್ಟು ಬೇರೇನೂ ಕಾಣದಿರಬಹುದು.

ಇನ್ನೊಂದು ಮಾತು, ಇದು ಮನೆಯವರಿಗೆ. ಸ್ವೀಡನ್ನಿನಲ್ಲಿ ಅತ್ಯಾಚಾರಕ್ಕೆ ಒಳಗಾಗಿ ಚಿಕಿತ್ಸೆಗೆ ಬಂದ 298 ಮಹಿಳೆಯರ ಅಧ್ಯಯನವೊಂದು 2017ರಲ್ಲಿ ಪ್ರಕಟವಾಯಿತು. ಅವರಲ್ಲಿ ಶೇ. 70ರಷ್ಟು ಜನ ಆ ಹೊತ್ತಿನಲ್ಲಿ ಗಣನೀಯವಾಗಿ ಮರಗಟ್ಟಿದ್ದರು. ಹಾಗೆ ಮರಗಟ್ಟಿದವರಲ್ಲಿ ಮುಂದೆ ಆಘಾತದ ತೊಂದರೆ, ಖಿನ್ನತೆ ಜಾಸ್ತಿ ಕಂಡವು. 'ಯಾಕೆ ಕೂಗಲಿಲ್ಲ' ಎಂದು ಕೇಳಿದಾಗಲೆಲ್ಲ ಅಂಥವರ ಮೇಲೆ ಇನ್ನೊಂದು ಹೊರೆ ಹೇರುತ್ತೀರಿ. ದಯವಿಟ್ಟು ನಿಲ್ಲಿಸಿ.

ಪ್ರಶ್ನೆ (ಇನ್ನೊಬ್ಬ ಸದಸ್ಯರು): ನನ್ನ ತಮ್ಮ ಇಂಥದ್ದೇ ಸಂದರ್ಭದಲ್ಲಿ ಕಳ್ಳರನ್ನು ಅಟ್ಟಿಸಿಕೊಂಡು ಹೋಗಿದ್ದ. ಮಗಳನ್ನು ಕರಾಟೆಗೆ ಸೇರಿಸಿದರೆ ಅವಳೂ ಹಾಗಾಗುತ್ತಾಳಾ?

ಉತ್ತರ: ಅಟ್ಟಿಸಿಕೊಂಡು ಹೋದದ್ದೂ ಬಹುಮಟ್ಟಿಗೆ ತಾನಾಗಿ ಆದದ್ದೇ. ಅದೇ ತಮ್ಮ ಇನ್ನೊಂದು ದಿನ ಮರಗಟ್ಟಿ ನಿಲ್ಲಬಹುದು. ಕರಾಟೆಗೆ ಸೇರಿಸಿ, ಒಳ್ಳೆಯದೇ. ಸಾವಿರ ಸಲ ಮಾಡಿದ್ದು ಯೋಚನೆಯಿಲ್ಲದೆ ಬರುತ್ತದೆ. ಜೋರಾಗಿ ಕೂಗುವುದನ್ನೂ ಅಭ್ಯಾಸ ಮಾಡಿಸಿ, ನಮ್ಮ ಹೆಣ್ಣುಮಕ್ಕಳಿಗೆ ಅದನ್ನು ಯಾರೂ ಕಲಿಸುವುದಿಲ್ಲ. ಆದರೆ ಗ್ಯಾರಂಟಿ ಅಂತೂ ಇಲ್ಲ. ಬೈಕ್ ಹಿಂದೆ ಓಡುವುದು, ಸರ ಹಿಡಿದು ಜಗ್ಗಾಡುವುದು ಬೇಡ. ಕೆಳಗೆ ಬಿದ್ದು ತಲೆಗೆ ಏಟಾದರೆ? 112ಕ್ಕೆ ಫೋನ್ ಮಾಡಿ.

ಪ್ರಶ್ನೆ (ವಿಜಯನಗರದ ಸದಸ್ಯೆ): ತುಂಬಾ ಹಗುರವಾಯಿತು. ಆದರೆ ಬೈಕ್ ಸದ್ದು ಕೇಳಿದರೆ ಈಗಲೂ ಎದೆ ಡವಡವ ಅನ್ನುತ್ತದೆ. ನಿದ್ದೆಯೂ ಸರಿಯಿಲ್ಲ.

ಉತ್ತರ: ಮೊದಲ ಕೆಲವು ವಾರ ಹಾಗಾಗುವುದು ಸಹಜ. ಬಹಳ ಜನರಿಗೆ ತಾನಾಗಿ ಕಡಿಮೆಯಾಗುತ್ತದೆ. ರಂಗೋಲಿ ಬಿಡಬೇಡಿ, ಸ್ವಲ್ಪ ದಿನ ಯಾರಾದರೂ ಜೊತೆಗೆ ನಿಂತಿರಲಿ. ತಿಂಗಳಾದರೂ ಅದೇ ದೃಶ್ಯ ಮರುಕಳಿಸುತ್ತಿದ್ದರೆ, ಹೊರಗೆ ಕಾಲಿಡಲು ಆಗದಿದ್ದರೆ ನಿಮ್ಹಾನ್ಸ್‌ಗೋ ಹತ್ತಿರದ ಮನೋವೈದ್ಯರ ಬಳಿಗೋ ಹೋಗಿ. ಅಷ್ಟು ದಿನ ಕಾಯಲೇಬೇಕು ಅಂತೇನಿಲ್ಲ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಇವತ್ತು ರಾತ್ರಿಯೇ ಫೋನ್ ಮಾಡಬಹುದು. ದುಡ್ಡು ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡಬಹುದು.